ಅಂಜಿದ ಜೀವಿಗೆ ಮೊದಲ ಮದ್ದು

ಕೆಲವು ತಿಂಗಳ ಹಿಂದೆ ನಮ್ಮ ನೆರೆಮನೆಯ ಹುಡುಗಿಯೊಬ್ಬಳು, ಪದವಿಪೂರ್ವ ತರಗತಿಯ ವಿದ್ಯಾರ್ಥಿನಿ, ಅಂಗಡಿಯಿಂದ ಒಂದು ಹ್ಯಾಮ್‌ಸ್ಟರನ್ನು ಕೊಂಡುತಂದಳು. ಹ್ಯಾಮ್‌ಸ್ಟರೆಂದರೆ ಇಲಿಯ ದೂರದ ಬಂಧು. ಹೊಂಬಣ್ಣದ ಮೈ, ಮೋಟು ಬಾಲ, ಕಾಳು ತುಂಬಿಕೊಳ್ಳುವುದಕ್ಕೆಂದೇ ಎರಡು ಕೆನ್ನೆಚೀಲ. ಬೆಳೆದ ಪ್ರಾಣಿಯ ತೂಕ ಸುಮಾರಾಗಿ ೧೦೦ರಿಂದ ೧೫೦ ಗ್ರಾಂ. ಮನೆಗೆ ತಂದು ಬೆಳಕಿನಲ್ಲಿ ನೋಡಿದರೆ ಅದರ ಬೆನ್ನಿನ ಹಿಂಭಾಗದಲ್ಲಿ ಉಗುರಿನಗಲ ಕೂದಲು ಉದುರಿ ಚರ್ಮ ಬರಿದಾಗಿತ್ತು. ಅಲ್ಲಿ ಹೊಟ್ಟು ಏಳುತ್ತಿತ್ತು. ಪ್ರಾಣಿ ಆಗಾಗ ಕೆರೆದುಕೊಳ್ಳುತ್ತಿತ್ತು. ಸಾಲದುದಕ್ಕೆ ಎರಡು ಪಕ್ಕೆಗಳಲ್ಲಿಯೂ ಒಂದೊಂದು ಕಪ್ಪು ಮಚ್ಚೆ. ಆ ಸಂಜೆಯೇ ಮನೆಯಲ್ಲಿ ಸಭೆ ಸೇರಿತು. ಅಂಗಡಿಗೇ ಹಿಂದಿರುಗಿಸು ಎಂದರು ತಂದೆ. ಬೇವಿನೆಣ್ಣೆ ಸವರಿದರೆ ಸಾಕು ಎಂದರು ಅಜ್ಜಿ. ಮನೆಯ ನಾಯಿಗೆಂದು ತಂದಿಟ್ಟಿದ್ದ ಉಣ್ಣೆಯ ಔಷಧದಲ್ಲಿ ಒಂದು ತೊಟ್ಟು ಹಾಕಿಬಿಡೋಣ ಎಂದ ಅಣ್ಣ. ಹುಡುಗಿ ಮಾತ್ರ ಈಗಲೇ ಪಶುವೈದ್ಯರ ಬಳಿಗೆ ಹೋಗಬೇಕೆಂದು ಹಟ ಹಿಡಿದು ನಮ್ಮ ಬಾಗಿಲು ತಟ್ಟಿದಳು.

ಈ ನಾಲ್ಕು ಸಲಹೆಗಳಲ್ಲಿ ಹುಡುಗಿಯದೇ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೂ ನಾವು ಆಕೆಗೆ ಹೇಳಿದ್ದು ಬೇರೆ. "ವೈದ್ಯರಿಗೆ ಇಂದೇ ದೂರವಾಣಿಯಲ್ಲಿ ವಿಷಯ ತಿಳಿಸು. ಅವರು ಒಪ್ಪಿದರೆ ಒಂದು ವಾರ ಬಿಟ್ಟು ಪ್ರಾಣಿಯನ್ನು ಕರೆದೊಯ್ಯಿ. ಈ ಒಂದು ವಾರ ಅದಕ್ಕೆ ನೀನೇ ಮಾಡಬೇಕಾದ ಚಿಕಿತ್ಸೆಯೊಂದುಂಟು" ಎಂದೆವು. ವೈದ್ಯರೂ ಹಾಗೆಯೇ ಹೇಳಿದರು. ಆ ಚಿಕಿತ್ಸೆ ಯಾವುದು, ಅದನ್ನು ಚಿಕಿತ್ಸೆಯೆಂದು ಏಕೆ ಕರೆಯಬೇಕು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಪ್ರಾಣಾಪಾಯವಿಲ್ಲದ ಕಾಯಿಲೆಯೊಡನೆ ಹೊಸದಾಗಿ ಮನೆಗೆ ಬಂದ ಪುಟ್ಟ ಪ್ರಾಣಿಯನ್ನು ನೆಲೆಗೊಳಿಸುವುದು ವೈದ್ಯಕ್ಕೆ ಮುಂಚಿನ ಕಾಲಹರಣವಲ್ಲ, ಅದು ವೈದ್ಯದ ಮೊದಲನೆಯ ಭಾಗ. ಆದರೆ ಪ್ರಾಣಾಪಾಯ ಯಾವುದು, ಯಾವುದಲ್ಲ ಎಂಬುದನ್ನು ಕಲಿಯದವನಿಗೆ ಹೀಗೆ ಕಾಯುವ ಅಧಿಕಾರವಿಲ್ಲ.

ಇದಕ್ಕೆ ಆಧಾರವೇನೆಂದು ಕೇಳುವ ವಿದ್ಯಾರ್ಥಿಗಳು ಹ್ಯಾಮ್‌ಸ್ಟರಿನ ಕುಲವೃತ್ತಾಂತವನ್ನು ಸ್ವಲ್ಪ ತಿಳಿಯಬೇಕು. ಸಿರಿಯಾ ದೇಶದ ಅಲೆಪ್ಪೋ ನಗರದ ಕಡೆಯಿಂದ ಬಂದ ಒಂದು ಮಾದರಿಯನ್ನು ಆಧಾರವಾಗಿಟ್ಟುಕೊಂಡು ಇಂಗ್ಲೆಂಡಿನ ಜಾರ್ಜ್ ವಾಟರ್‌ಹೌಸ್ ಎಂಬ ಪ್ರಾಣಿಶಾಸ್ತ್ರಜ್ಞರು ೧೮೩೯ರಲ್ಲಿ ಈ ಜಾತಿಯನ್ನು ಮೊದಲು ವರ್ಣಿಸಿದರು. ಆಮೇಲೆ ಸುಮಾರು ಒಂದು ಶತಮಾನದವರೆಗೆ ಅದರ ಸುದ್ದಿ ಹೆಚ್ಚಾಗಿ ಕೇಳಿಬರಲಿಲ್ಲ. ಅದನ್ನು ಮತ್ತೆ ಹುಡುಕುವಂತೆ ಮಾಡಿದ್ದು ನಮ್ಮ ದೇಶಕ್ಕೆ ಬಹು ಪರಿಚಿತವಾದ ಒಂದು ರೋಗ. ಬಂಗಾಳ, ಅಸ್ಸಾಂ, ಬಿಹಾರಗಳಲ್ಲಿ ಅಸಂಖ್ಯಾತ ಜನರನ್ನು ಬಲಿತೆಗೆದುಕೊಂಡ ಕಾಲಾ ಅಜಾರ್ ಎಂಬ ಜ್ವರಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ೧೯೦೩ರಲ್ಲಿ ಲೀಶ್ಮನ್ನರೂ ಮದರಾಸಿನಲ್ಲಿದ್ದ ಡೊನೊವನ್ನರೂ ಲೋಕಕ್ಕೆ ತಿಳಿಸಿದರು. ಈ ಬಗೆಯ ರೋಗಗಳನ್ನು ಅಭ್ಯಾಸ ಮಾಡುತ್ತಿದ್ದ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಸಾಲ್ ಆಡ್ಲರ್ ಎಂಬ ವಿಜ್ಞಾನಿಗೆ ಪ್ರಯೋಗಶಾಲೆಯಲ್ಲಿ ಸುಲಭವಾಗಿ ಸಂತಾನ ಬೆಳೆಸುವ ಹ್ಯಾಮ್‌ಸ್ಟರ್ ಬೇಕಾಗಿತ್ತು. ಅವರ ಕೋರಿಕೆಯಂತೆ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ೧೯೩೦ರ ಏಪ್ರಿಲಿನಲ್ಲಿ ಅಲೆಪ್ಪೋ ಬಳಿಯ ಗೋಧಿಹೊಲವೊಂದನ್ನು ಆಳವಾಗಿ ಅಗೆಯಿಸಿ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿಸಿದರು.

ಮುಂದೆ ನಡೆದುದೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಪೆಟ್ಟಿಗೆಯೊಳಗೆ ಇಟ್ಟೊಡನೆ ಆ ತಾಯಿ ತನ್ನ ಮರಿಯೊಂದರ ತಲೆಯನ್ನು ಕಚ್ಚಿ ಕೊಂದಿತು. ಉಳಿದವನ್ನಾದರೂ ಉಳಿಸಿಕೊಳ್ಳಬೇಕೆಂದು ತಾಯಿಯನ್ನು ಕೊಂದು ಮರಿಗಳನ್ನು ಕೈಯಲ್ಲಿ ಸಾಕಬೇಕಾಯಿತು. ಅವುಗಳ ಸಂತತಿ ೧೯೩೧ರಲ್ಲಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿಂದ ಲೋಕದ ಪ್ರಯೋಗಶಾಲೆಗಳಿಗೂ, ಕ್ರಮೇಣ ಮನೆಗಳಿಗೂ ಹರಡಿತು. ಇಂದು ಮನೆಗಳಲ್ಲಿ ಸಾಕುತ್ತಿರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳು ಬಹುಮಟ್ಟಿಗೆ ಆ ಒಂದೇ ಸೂಲಿನ ಮರಿಗಳ ವಂಶದವು. ಅವುಗಳ ಕಾಡಿನ ಬಂಧುಗಳಾದರೋ ಸಿರಿಯಾ ಮತ್ತು ತುರ್ಕಿಯ ಗಡಿಯ ಕಿರಿದಾದ ಪ್ರದೇಶದಲ್ಲಿ ಅಳಿವಿನ ಭಯವನ್ನು ಎದುರಿಸುತ್ತಿವೆ. ಮನುಷ್ಯನಿಗೂ ಈ ಪ್ರಾಣಿಗೂ ಉಂಟಾದ ಸಂಬಂಧದ ಮೊದಲನೆಯ ಪುಟದಲ್ಲಿಯೇ ಬರೆದಿರುವ ಪಾಠವೆಂದರೆ ಇದು: ತನ್ನ ಬಿಲದಿಂದ ಕಿತ್ತು ಪೆಟ್ಟಿಗೆಗೆ ಹಾಕಿದ ಹ್ಯಾಮ್‌ಸ್ಟರು ತಾನು ತಾನಾಗಿರುವುದಿಲ್ಲ.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅಕ್ಕರೆಯಿಂದಲೇ ಆಗಲಿ, ಮೇಲಿನಿಂದ ಇಳಿದು ಹಿಡಿಯುವ ಕೈ ಹ್ಯಾಮ್‌ಸ್ಟರಿನ ಪಾಲಿಗೆ ಗೂಬೆಯ ಪಂಜವೇ ಸರಿ. ಅಂಗಡಿಯಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ, ಅಲ್ಲಿ ನಾಯಿಗಳ ಬೊಗಳಿಕೆ, ಔಷಧದ ವಾಸನೆ, ಅಪರಿಚಿತರ ಕೈ, ಮತ್ತೆ ಮನೆಗೆ: ಇವೆಲ್ಲವೂ ಎರಡು ದಿನಗಳೊಳಗೆ ನಡೆದರೆ ಆ ಪುಟ್ಟ ಶರೀರದೊಳಗೆ ಏನಾಗುತ್ತದೆ? ಭಯಗೊಂಡ ಪ್ರಾಣಿಯ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಹಾರ್ಮೋನುಗಳನ್ನು ಸುರಿಸುತ್ತವೆ. ಮೊದಲೇ ನಿಮಿಷಕ್ಕೆ ೨೫೦ರಿಂದ ೫೦೦ ಸಲ ಬಡಿಯುವ ಹೃದಯ ಇನ್ನೂ ವೇಗಗೊಳ್ಳುತ್ತದೆ, ಉಸಿರು ತೀವ್ರವಾಗುತ್ತದೆ, ಮೈಯ ಕಾವೂ ರಕ್ತದ ಸಕ್ಕರೆಯೂ ಏರುತ್ತವೆ. ಕ್ಷಣಕಾಲದ ಅಪಾಯದಿಂದ ಪಾರಾಗುವುದಕ್ಕೆ ಇದು ಉಪಕಾರಿ. ದಿನಗಟ್ಟಲೆ ನಡೆದರೆ ಇದೇ ಅಪಕಾರಿ. ಮಾಂಟ್ರಿಯಲ್ ನಗರದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದ ಹಾನ್ಸ್ ಸೆಲ್ಯೆ ೧೯೩೬ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿ ಇದನ್ನು ತೋರಿಸಿಕೊಟ್ಟರು. ಚಳಿಯಾಗಲಿ, ಗಾಯವಾಗಲಿ, ಅತಿಯಾದ ಶ್ರಮವಾಗಲಿ, ಪೀಡೆ ಯಾವುದೇ ಇರಲಿ, ಇಲಿಗಳ ಅಡ್ರಿನಲ್ ಗ್ರಂಥಿಗಳು ಊದಿಕೊಂಡವು, ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಗ್ರಂಥಿ ಕುಗ್ಗಿತು, ಜಠರದಲ್ಲಿ ಹುಣ್ಣುಗಳೆದ್ದವು.

ಇದರಿಂದ ನಮ್ಮ ಪ್ರಸಂಗಕ್ಕೆ ಮೂರು ವಿಷಯಗಳು ಸಿದ್ಧವಾಗುತ್ತವೆ. ಮೊದಲನೆಯದು, ಭಯ ರೋಗವನ್ನು ಬೆಳೆಸುತ್ತದೆ. ಹ್ಯಾಮ್‌ಸ್ಟರಿನ ಕೂದಲ ಬೇರಿನಲ್ಲಿ ಡೆಮೊಡೆಕ್ಸ್ ಎಂಬ ಅತಿ ಸೂಕ್ಷ್ಮವಾದ ನುಸಿಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಪ್ರಾಣಿ ಆರೋಗ್ಯವಾಗಿರುವವರೆಗೆ ಅವುಗಳಿಂದ ತೊಂದರೆಯಿಲ್ಲ. ಮುಪ್ಪು, ಬೇರೆ ಕಾಯಿಲೆ, ಆಯಾಸ ಇವುಗಳಿಂದ ನಿರೋಧಶಕ್ತಿ ಕುಗ್ಗಿದಾಗ ಅವು ಹೆಚ್ಚಿ ಕೂದಲುದುರುತ್ತದೆ. ಎರಡನೆಯದು, ಭಯ ರೋಗದ ವೇಷವನ್ನು ತೊಡುತ್ತದೆ. ಬೆದರಿದ ಪ್ರಾಣಿಯ ನಾಡಿ, ಉಸಿರು, ಕಾವು, ರಕ್ತದ ಸಕ್ಕರೆ ಯಾವುದನ್ನು ಅಳೆದರೂ ವೈದ್ಯರಿಗೆ ದೊರೆಯುವುದು ಭಯದ ಅಳತೆಯೇ ಹೊರತು ರೋಗದ ಅಳತೆಯಲ್ಲ. ಮೂರನೆಯದು ನಾವು ಸಾಮಾನ್ಯವಾಗಿ ಮರೆಯುವಂಥದು. ವೈದ್ಯರು ಕೇಳುವ ಮೊದಲನೆಯ ಪ್ರಶ್ನೆ "ಇದು ಎಂದಿನಂತೆ ತಿನ್ನುತ್ತಿದೆಯೆ, ಎಂದಿನಂತೆ ಓಡಾಡುತ್ತಿದೆಯೆ?" ಎಂದು. ನಿನ್ನೆ ತಂದ ಪ್ರಾಣಿಗೆ 'ಎಂದಿನಂತೆ' ಎಂಬುದೇ ಇಲ್ಲವಲ್ಲ! ಆಡಲು ಬಾರದ ರೋಗಿಗೆ ಒಡೆಯನೇ ನಾಲಗೆ. ಆ ನಾಲಗೆಗೆ ಹೇಳಲು ಏನೂ ಇಲ್ಲದಿದ್ದರೆ ವೈದ್ಯರಾದರೂ ಏನು ಮಾಡಿಯಾರು?

ಈ ಮಾತುಗಳನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಒಂದು ಹ್ಯಾಮ್‌ಸ್ಟರಿತ್ತು. ತಂದ ಮರುದಿನವೇ ಅದರ ಕಣ್ಣಿನಿಂದ ಸ್ವಲ್ಪ ನೀರು ಸೋರುವುದನ್ನು ಕಂಡು ಗಾಬರಿಗೊಂಡು, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ರಟ್ಟಿನ ಪೆಟ್ಟಿಗೆಯೊಳಗಿಟ್ಟು ಸ್ಕೂಟರಿನ ಮೇಲೆ ಹೊತ್ತುಕೊಂಡು ಹೋದೆವು. ಮೊದಲನೆಯ ಕಡೆ ಇಂಥ ಪ್ರಾಣಿಗಳನ್ನು ನೋಡುವುದಿಲ್ಲವೆಂದರು. ಎರಡನೆಯ ಕಡೆ ಒಂದು ಗಂಟೆಗೂ ಹೆಚ್ಚು ಕಾಯಬೇಕಾಯಿತು. ಪೆಟ್ಟಿಗೆಯನ್ನು ತೆರೆದಾಗ ಅದು ಮೈಚಾಚಿ ಮಲಗಿತ್ತು, ರಾತ್ರಿ ಸತ್ತಿತು. ಹ್ಯಾಮ್‌ಸ್ಟರಿಗೆ ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲು ಬಾರದೆಂಬುದನ್ನು ಆಗ ನಾವು ತಿಳಿದಿರಲಿಲ್ಲ. ಕಣ್ಣಿನ ನೀರು ಯಾರನ್ನೂ ಆ ದಿನ ಕೊಲ್ಲುತ್ತಿರಲಿಲ್ಲ. ಕೊಂದುದು ನಮ್ಮ ಆತುರ. ಪ್ರೀತಿಯಿಂದ ಮಾಡಿದೆವೆಂಬುದು ಸತ್ತ ಪ್ರಾಣಿಗೆ ಸಮಾಧಾನವಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. "ನೆಲೆಗೊಳ್ಳಲಿ ಎಂದು ಸುಮ್ಮನಿರುವುದೂ ಅಲಕ್ಷ್ಯವೇ ಅಲ್ಲವೆ? ಬೇಟೆಗೆ ಬೀಳುವ ಪ್ರಾಣಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಟ್ಟುಕೊಳ್ಳುತ್ತವೆ, ನಮಗೆ ಕಾಣುವ ವೇಳೆಗೆ ಹೊತ್ತು ಮೀರಿರುತ್ತದೆ" ಎನ್ನಬಹುದು. ಈ ಆಕ್ಷೇಪಣೆ ನ್ಯಾಯವಾದುದು. ಆದುದರಿಂದಲೇ ಕಾಯಬಾರದ ಸಂದರ್ಭಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕೆನ್ನುತ್ತೇವೆ. ಬಾಲದ ಸುತ್ತ ಒದ್ದೆಯಾಗಿ ದುರ್ವಾಸನೆಯ ಭೇದಿಯಾಗುವುದು, ಉಸಿರಾಡಲು ಕಷ್ಟಪಡುವುದು, ರಕ್ತಸ್ರಾವ, ಮೂಳೆಮುರಿತ, ಕೆನ್ನೆಚೀಲ ಹೊರಕ್ಕೆ ಮಗುಚಿಕೊಳ್ಳುವುದು, ಮೈ ತಣ್ಣಗಾಗಿ ಏಳದಿರುವುದು, ಒಂದು ಹಗಲು ಒಂದು ರಾತ್ರಿ ಏನನ್ನೂ ತಿನ್ನದಿರುವುದು: ಇವುಗಳಲ್ಲಿ ಯಾವುದೊಂದು ಕಂಡರೂ ನೆಲೆಗೊಳಿಸುವ ಮಾತನ್ನು ಬದಿಗಿಟ್ಟು ಆ ಗಳಿಗೆಯೇ ಹೊರಡಬೇಕು. ಮೊದಲು ಹೇಳಿದ ಭೇದಿಯಂತೂ ಘೋರವಾದುದು. ಲಾಸೋನಿಯಾ ಎಂಬ ಬ್ಯಾಕ್ಟೀರಿಯಾಕ್ಕೂ ಅದಕ್ಕೂ ಸಂಬಂಧವುಂಟು. ತಾಯಿಯ ಹಾಲು ಬಿಟ್ಟ ಮೂರರಿಂದ ಎಂಟು ವಾರದ ಮರಿಗಳಿಗೆ, ಅದರಲ್ಲಿಯೂ ಪ್ರಯಾಣ ಮಾಡಿ ಬಂದವಕ್ಕೆ, ಅದು ಹೆಚ್ಚು; ಎರಡು ಮೂರು ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ಗಮನಿಸಿರಿ: ಕಾಯಬಾರದ ರೋಗಗಳಲ್ಲಿ ಅತಿ ಕ್ರೂರವಾದುದೇ ಸ್ಥಳಾಂತರದ ಆಯಾಸವನ್ನು ಹಿಂಬಾಲಿಸಿ ಬರುತ್ತದೆ. ನೆಲೆಗೊಳಿಸುವುದಕ್ಕೂ ರೋಗವನ್ನು ತಡೆಯುವುದಕ್ಕೂ ಇರುವ ನಂಟು ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಾಗಾದರೆ ನೆಲೆಗೊಳಿಸುವುದೆಂದರೇನು? ನಮ್ಮ ಹಳ್ಳಿಗಳಲ್ಲಿ ಸಂತೆಯಿಂದ ಹೊಸ ಎತ್ತನ್ನು ತಂದ ಬುದ್ಧಿವಂತ ರೈತ ಅದನ್ನು ಆ ದಿನವೇ ನೊಗಕ್ಕೆ ಹೂಡುವುದಿಲ್ಲ. ಕೊಟ್ಟಿಗೆಯ ಗುರುತಾಗಲಿ, ಗೋದಲಿಯ ಗುರುತಾಗಲಿ, ಮನೆಯವರ ದನಿಯ ಗುರುತಾಗಲಿ ಎಂದು ಬಿಡುತ್ತಾನೆ. ಬಿಟ್ಟನೆಂದರೆ ಮರೆತನೆಂದಲ್ಲ, ಮೇವು ಎಷ್ಟು ತಿಂದಿತು, ಸಗಣಿ ಹೇಗಿದೆ, ಮೆಲುಕು ಹಾಕುತ್ತಿದೆಯೆ ಎಂದು ಹೋಗಿ ಬರುವಾಗಲೆಲ್ಲ ಕಣ್ಣಿಟ್ಟಿರುತ್ತಾನೆ. ಹ್ಯಾಮ್‌ಸ್ಟರಿಗೆ ಬೇಕಾದುದೂ ಇದೇ: ಮುಟ್ಟದ ಕೈ, ಮುಚ್ಚದ ಕಣ್ಣು.

ಅದಕ್ಕೆ ಎಂಥ ಮನೆ ಬೇಕೆಂಬುದನ್ನು ಅದರ ಕಾಡಿನ ಬದುಕೇ ಹೇಳುತ್ತದೆ. ಅಲೆಪ್ಪೋ ಸುತ್ತಿನ ಹೊಲಗಳಲ್ಲಿ ಜರ್ಮನಿಯ ಗಾಟರ್‌ಮನ್ ಮತ್ತು ಅವರ ಸಂಗಡಿಗರು ಈ ಪ್ರಾಣಿಯ ಬಿಲಗಳನ್ನು ಅಳೆದು ೨೦೦೧ರಲ್ಲಿ ಪ್ರಕಟಿಸಿದರು. ಬಿಲಗಳ ಆಳ ೩೬ರಿಂದ ೧೦೬ ಸೆಂಟಿಮೀಟರುಗಳವರೆಗೆ ಇದ್ದಿತು. ಬೆಳೆದ ಹ್ಯಾಮ್‌ಸ್ಟರು ಒಂದು ಬಿಲದಲ್ಲಿ ಒಂದಕ್ಕಿಂತ ಹೆಚ್ಚು ಕಾಣಲಿಲ್ಲ. ಆದುದರಿಂದ ಜೊತೆಗಿರಲಿ ಎಂದು ಇನ್ನೊಂದನ್ನು ಕೊಂಡುತಂದು ಅದೇ ಪಂಜರಕ್ಕೆ ಹಾಕುವುದು ಉಪಕಾರವಲ್ಲ, ಕಾಳಗಕ್ಕೆ ಆಹ್ವಾನ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಸಂಶೋಧಕರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇನ್ನೂ ಬೋಧಪ್ರದವಾಗಿದೆ. ಅವರು ಕೆಲವು ಹ್ಯಾಮ್‌ಸ್ಟರುಗಳಿಗೆ ೧೦, ಕೆಲವಕ್ಕೆ ೪೦, ಇನ್ನು ಕೆಲವಕ್ಕೆ ೮೦ ಸೆಂಟಿಮೀಟರ್ ಆಳದ ಹಾಸನ್ನು ಕೊಟ್ಟರು. ಹತ್ತು ಸೆಂಟಿಮೀಟರಿನ ಹಾಸಿನಲ್ಲಿದ್ದವು ಪಂಜರದ ಕಂಬಿಗಳನ್ನು ಹೆಚ್ಚಾಗಿ ಕಡಿಯುತ್ತಿದ್ದವು. ಆಳದ ಹಾಸು ದೊರೆತವು ಬಿಲ ತೋಡಿಕೊಂಡು ಅದರಲ್ಲಿ ವಾಸಿಸಿದವು. ಕಂಬಿ ಕಡಿಯುವ ಪ್ರಾಣಿಯನ್ನು ಕಂಡು ಎಷ್ಟು ಚುರುಕೆಂದು ನಾವು ನಗುತ್ತೇವೆ. ವಾಸ್ತವದಲ್ಲಿ ಅದು ತನಗಿಲ್ಲದ ನೆಲವನ್ನು ಹುಡುಕುತ್ತಿರುತ್ತದೆ.

ನಮ್ಮ ಹುಡುಗಿಯ ಮನೆಯಲ್ಲಿ ದುಬಾರಿಯ ಪಂಜರವಿರಲಿಲ್ಲ. ದೊಡ್ಡದೊಂದು ಪಾರದರ್ಶಕವಾದ ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳವನ್ನು ಕತ್ತರಿಸಿ ಜಾಲರಿ ಕೂರಿಸಿದರು. ಶಾಯಿಯಿಲ್ಲದ ಕಾಗದದ ಚೂರುಗಳನ್ನು ಮೊಳಕೈ ಮುಳುಗುವಷ್ಟು ಆಳಕ್ಕೆ ತುಂಬಿದರು. ಅವಿತುಕೊಳ್ಳುವುದಕ್ಕೆ ಒಂದು ಮಣ್ಣಿನ ಕುಡಿಕೆಯನ್ನು ಮಗ್ಗುಲಾಗಿ ಇಟ್ಟರು. ಅಂಗಡಿಯಿಂದ ಬಂದ ಹಳೆಯ ಹಾಸಿನ ಒಂದು ಹಿಡಿಯನ್ನು ಹೊಸದರೊಡನೆ ಬೆರೆಸಿದರು. ಏಕೆಂದರೆ ಹ್ಯಾಮ್‌ಸ್ಟರಿನ ದೃಷ್ಟಿ ಮಂದ, ಅದರ ಪಾಲಿಗೆ ಮನೆಯೆಂದರೆ ಪರಿಚಿತವಾದ ವಾಸನೆ. ಇದೇ ಕಾರಣದಿಂದ ದಿನವೂ ಹಾಸನ್ನೆಲ್ಲ ಬದಲಾಯಿಸಿ ಶುಚಿಮಾಡುವುದೂ ತಪ್ಪು; ಒದ್ದೆಯಾದ ಮೂಲೆಯನ್ನಷ್ಟೆ ತೆಗೆದರೆ ಸಾಕು. ಪೆಟ್ಟಿಗೆಯನ್ನು ಬಿಸಿಲು, ದೂರದರ್ಶನದ ಸದ್ದು, ನಾಯಿಯ ಮೂಗು ಈ ಮೂರೂ ತಲುಪದ ಮೂಲೆಯಲ್ಲಿಟ್ಟರು. ಅಂಗಡಿಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಮುಂದುವರಿಸಿದರು. ಮೊದಲ ಮೂರು ದಿನ ಆಹಾರ, ನೀರು ಇಡುವುದನ್ನು ಬಿಟ್ಟರೆ ಯಾರೂ ಒಳಗೆ ಕೈ ಹಾಕಲಿಲ್ಲ. ಹಗಲಿನಲ್ಲಿ ಅದು ಮಲಗಿರುವಾಗ ಎಬ್ಬಿಸಕೂಡದೆಂಬುದು ಮನೆಯ ಕಟ್ಟಳೆಯಾಯಿತು.

ಇನ್ನು ಕಣ್ಣಿನ ಕೆಲಸ. ಆಕೆಗೆ ಒಂದು ನೋಟ್‌ಪುಸ್ತಕ ಇಡಲು ಹೇಳಿದೆವು. ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ತಿಂದಿತು, ನೀರಿನ ಸೀಸೆಯಲ್ಲಿ ಎಷ್ಟು ಇಳಿಯಿತು, ಹಿಕ್ಕೆ ಗಟ್ಟಿಯಾಗಿದೆಯೆ, ಒಂದು ಗಂಟೆಯಲ್ಲಿ ಎಷ್ಟು ಸಲ ಕೆರೆದುಕೊಂಡಿತು, ನಾಲ್ಕನೆಯ ದಿನದಿಂದ ತೂಕವೆಷ್ಟು: ಇವಿಷ್ಟು ಕಲಮುಗಳು. ನೂರಿಪ್ಪತ್ತು ಗ್ರಾಂ ತೂಗುವ ಪ್ರಾಣಿ ಹನ್ನೆರಡು ಗ್ರಾಂ ಕಳೆದುಕೊಂಡಿತೆಂದರೆ ಅರುವತ್ತು ಕಿಲೋಗ್ರಾಂ ತೂಗುವ ಮನುಷ್ಯ ಆರು ಕಿಲೋಗ್ರಾಂ ಕಳೆದುಕೊಂಡಂತೆ. ಕಣ್ಣಿಗೆ ಕಾಣದ ಈ ಇಳಿತ ಅಡಿಗೆಮನೆಯ ತಕ್ಕಡಿಗೆ ಕಾಣುತ್ತದೆ. ಐದನೆಯ ರಾತ್ರಿ ಆಕೆ ಒಂದು ಸಂಗತಿಯನ್ನು ಬರೆದಿಟ್ಟಳು. ಹ್ಯಾಮ್‌ಸ್ಟರು ಕುಡಿಕೆಯ ಅಂಚಿಗೆ ಆ ಕಪ್ಪು ಮಚ್ಚೆಯ ಪಕ್ಕೆಯನ್ನು ಒತ್ತಿ ಒತ್ತಿ ಉಜ್ಜುತ್ತಿತ್ತು. ಅವು ರೋಗದ ಗುರುತುಗಳಲ್ಲ, ಗಂಧಗ್ರಂಥಿಗಳು. ಪ್ರತಿಯೊಂದು ಹ್ಯಾಮ್‌ಸ್ಟರಿಗೂ ಎರಡು ಪಕ್ಕೆಗಳಲ್ಲಿಯೂ ಇರುತ್ತವೆ. 'ಈ ಮನೆ ನನ್ನದು' ಎಂದು ಪ್ರಾಣಿ ಅವುಗಳಿಂದ ಮೊಹರು ಒತ್ತುತ್ತದೆ. ಮೊದಲ ಸಂಜೆ ಎಲ್ಲರನ್ನೂ ಹೆದರಿಸಿದ್ದ ಮಚ್ಚೆಗಳೇ ಪ್ರಾಣಿ ನೆಲೆಗೊಂಡಿತೆಂಬುದಕ್ಕೆ ಸಾಕ್ಷಿಯಾದುವು. ಬೆನ್ನಿನ ಬರಿದಾದ ಚರ್ಮ ಮಾತ್ರ ಹಾಗೆಯೇ ಉಳಿದಿತ್ತು. ನಿಜವಾದ ಕಾಯಿಲೆ ಈಗ ಬೇರೆಯಾಗಿ ಕಂಡಿತು.

ಪರೀಕ್ಷೆಗೆ ಹೋಗುವ ಮೊದಲು ಪ್ರಾಣಿಗೆ ಕೈಯ ಪರಿಚಯವನ್ನೂ ಮಾಡಿಸಬೇಕು. ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಹರ್ಸ್ಟ್ ಮತ್ತು ವೆಸ್ಟ್ ಎಂಬಿಬ್ಬರು ೨೦೧೦ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಾಲ ಹಿಡಿದು ಎತ್ತಿದ ಸುಂಡಿಲಿಗಳು ಮನುಷ್ಯರ ಕೈಯನ್ನು ಕಂಡು ದೂರ ಸರಿದವು. ಕೊಳವೆಯೊಳಗೆ ತಾವಾಗಿಯೇ ನಡೆದುಬರುವಂತೆ ಮಾಡಿ, ಇಲ್ಲವೆ ಬೊಗಸೆಯಲ್ಲಿ ಎತ್ತಿದವು ಅಷ್ಟು ಅಂಜಲಿಲ್ಲ. ಹಿಡಿಯುವ ರೀತಿಯೊಂದೇ ಬದಲಾದರೆ ಭಯ ಇಷ್ಟು ಇಳಿಯುತ್ತದೆ. ಹ್ಯಾಮ್‌ಸ್ಟರಿನ ವಿಷಯದಲ್ಲಿಯೂ ಇದೇ ಉಪಾಯ ಒಳ್ಳೆಯದೆಂಬುದು ನಮ್ಮ ಅನುಭವ. ಪೆಟ್ಟಿಗೆಯಲ್ಲಿ ಒಂದು ಲೋಟವನ್ನು ಮಲಗಿಸಿ ಒಳಗೆ ಒಂದು ಸೂರ್ಯಕಾಂತಿ ಬೀಜವನ್ನಿಡಬೇಕು. ಪ್ರಾಣಿ ತಾನಾಗಿ ಒಳಹೊಕ್ಕಾಗ ಲೋಟವನ್ನೇ ಎತ್ತಿ ತಕ್ಕಡಿಯ ಮೇಲಿಡಬಹುದು, ಮುಂದೆ ವೈದ್ಯರ ಮೇಜಿನ ಮೇಲೂ ಇಡಬಹುದು. ಸೂಜಿಯಿಲ್ಲದ ಪಿಚಕಾರಿಯ ತುದಿಯಲ್ಲಿ ಬೇಯಿಸಿದ ಕುಂಬಳದ ರಸದ ಒಂದು ಹನಿಯನ್ನು ನೆಕ್ಕಲು ಕೊಟ್ಟರೆ ಬಾಯಿಂದ ಔಷಧ ಕೊಡಬೇಕಾದ ದಿನ ಕಾಳಗವಿರುವುದಿಲ್ಲ. ಆದರೆ ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಹುಳುಕಡ್ಡಿ ಮೊದಲಾದ ಕೆಲವು ಸೋಂಕುಗಳು ಈ ಪ್ರಾಣಿಗಳಿಂದ ನಮಗೆ ಬರಬಲ್ಲವು. ಗರ್ಭಿಣಿಯರು ಹೊಸದಾಗಿ ಬಂದ ಹ್ಯಾಮ್‌ಸ್ಟರಿನಿಂದ ದೂರವಿರುವುದೇ ಲೇಸು.

ನೆಲೆಗೊಳಿಸುವ ಕಾಲದಲ್ಲಿ ಮಾಡಲೇಬಾರದ ಕೆಲಸ ಮನೆವೈದ್ಯ. ಹನ್ನೆರಡು ಕಿಲೋಗ್ರಾಂ ತೂಗುವ ನಾಯಿಗೆಂದು ಅಳೆದ ಔಷಧವನ್ನು ನೂರಿಪ್ಪತ್ತು ಗ್ರಾಮಿನ ಪ್ರಾಣಿಗೆ ಹಾಕಿದರೆ ಅದು ತೂಕಕ್ಕೆ ಸರಿಯಾದ ಪ್ರಮಾಣದ ನೂರು ಪಾಲಾಗುತ್ತದೆ. ಎಣ್ಣೆ ಹಚ್ಚಿದರೆ ಪ್ರಾಣಿ ಮೈ ನೆಕ್ಕಿ ಅದನ್ನು ಹೊಟ್ಟೆಗಿಳಿಸುತ್ತದೆ. ಇಲಿಯ ಜಾತಿಗೆ ವಾಂತಿ ಮಾಡಲು ಬಾರದೆಂಬುದನ್ನು ಮರೆಯಬಾರದು. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆಯಂತೂ ಇನ್ನೂ ಅಪಾಯ. ಮನುಷ್ಯನಿಗೆ ಅಮೃತಪ್ರಾಯವಾದ ಪೆನಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್‌ಗಳು ಹ್ಯಾಮ್‌ಸ್ಟರಿನ ಕರುಳಿನಲ್ಲಿ ಇರಬೇಕಾದ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷಕಾರಿಯಾದ ಕ್ಲಾಸ್ಟ್ರಿಡಿಯಂ ಜಾತಿಗೆ ಎಡೆಮಾಡಿಕೊಟ್ಟು ಪ್ರಾಣ ತೆಗೆಯುತ್ತವೆ. ಈ ಸಂಗತಿಯಿಂದಲೇ ಮನುಷ್ಯರಿಗೆ ಒಂದು ಉಪಕಾರವಾಯಿತು. ೧೯೭೭ರಲ್ಲಿ ಅಮೆರಿಕದ ಜಾನ್ ಬಾರ್ಟ್‌ಲೆಟ್ ಮತ್ತು ಅವರ ಸಹೋದ್ಯೋಗಿಗಳು ಕ್ಲಿಂಡಮೈಸಿನ್ ಕೊಟ್ಟ ಹ್ಯಾಮ್‌ಸ್ಟರುಗಳ ಕರುಳಿನ ಉರಿಯೂತಕ್ಕೆ ವಿಷವುಂಟುಮಾಡುವ ಕ್ಲಾಸ್ಟ್ರಿಡಿಯಂ ಕಾರಣವೆಂದು ತೋರಿಸಿದರು. ಆಂಟಿಬಯಾಟಿಕ್ ತೆಗೆದುಕೊಂಡ ರೋಗಿಗಳಿಗೆ ಆಗುತ್ತಿದ್ದ ಭಯಂಕರವಾದ ಭೇದಿಯ ಕಾರಣ ಆ ಜಾಡಿನಲ್ಲಿಯೇ ಗೊತ್ತಾಯಿತು. ನಮ್ಮ ಆಸ್ಪತ್ರೆಗಳಲ್ಲಿ ಇಂದು ಪ್ರಾಣ ಉಳಿಸುವ ಜ್ಞಾನದ ಒಂದಂಶಕ್ಕೆ ಹ್ಯಾಮ್‌ಸ್ಟರು ತನ್ನ ಪ್ರಾಣವನ್ನು ತೆತ್ತಿದೆ.

ಹೊರಡುವ ದಿನದ ಸಿದ್ಧತೆಯೂ ಸರಳವಾದುದೇ. ಸಣ್ಣ, ಗಟ್ಟಿಯಾದ, ಗಾಳಿಯಾಡುವ ಪೆಟ್ಟಿಗೆ. ರಟ್ಟು ಬೇಡ, ಹಲ್ಲಿನಿಂದ ತೂತು ಮಾಡಿಬಿಡುತ್ತದೆ. ಒಳಗೆ ಅದರದೇ ಹಾಸು. ಸೀಸೆಯ ನೀರು ಚೆಲ್ಲಿ ಮೈ ನೆನೆಯುವುದರಿಂದ ನೀರಿಗೆ ಬದಲು ಒಂದು ಸೌತೆಕಾಯಿಯ ತುಂಡು. ಮೇಲೆ ತೆಳುವಾದ ಬಟ್ಟೆ. ಪ್ರಾಣಿ ಎಚ್ಚರವಾಗುವ, ಬಿಸಿಲು ಇಳಿದ ಸಂಜೆಯ ಹೊತ್ತನ್ನು ವೈದ್ಯರಿಂದ ಮುಂಚೆಯೇ ಗೊತ್ತುಮಾಡಿಸಿಕೊಂಡರೆ ನಾಯಿಬೆಕ್ಕುಗಳ ನಡುವೆ ಕಾಯುವುದೂ ತಪ್ಪುತ್ತದೆ. ಈ ಪುಟ್ಟ ಪ್ರಾಣಿಗಳನ್ನು ನೋಡಿ ಅಭ್ಯಾಸವಿರುವ ವೈದ್ಯರು ಯಾರೆಂಬುದನ್ನು ಪ್ರಾಣಿಯನ್ನು ಕೊಳ್ಳುವ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ನಮ್ಮ ದೇಶದ ಪಶುವೈದ್ಯ ದನ, ಎಮ್ಮೆ, ಕುರಿಗಳ ಸೇವೆಯಲ್ಲಿ ಬೆಳೆದುಬಂದುದು. ಅದರ ಪಾಲಿಗೆ ಹ್ಯಾಮ್‌ಸ್ಟರು ಹೊಸ ಅತಿಥಿ.

ಕೊನೆಯದಾಗಿ, ಹುಡುಗಿಯ ತಂದೆ ಎತ್ತಿದ ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ. "ಕೊಂಡ ಬೆಲೆಗಿಂತ ವೈದ್ಯರ ಶುಲ್ಕವೇ ಹೆಚ್ಚು. ಹೆಚ್ಚೆಂದರೆ ಎರಡು ಮೂರು ವರ್ಷ ಬದುಕುವ ಪ್ರಾಣಿಗೆ ಇಷ್ಟೆಲ್ಲ ಏಕೆ?" ಎಂದರು ಅವರು. ಲೆಕ್ಕದ ದೃಷ್ಟಿಯಿಂದ ಈ ಮಾತು ಸರಿ. ಆದರೆ ಬೆಲೆ ಅಂಗಡಿಯವನದು, ನೋವು ಪ್ರಾಣಿಯದು. ಒಂದರಿಂದ ಇನ್ನೊಂದನ್ನು ಅಳೆಯಲಾಗದು. ಪ್ರಾಣಿಯನ್ನು ತನ್ನ ವಶದಲ್ಲಿ ಇಟ್ಟುಕೊಂಡವನು ಅದರ ಯೋಗಕ್ಷೇಮಕ್ಕೂ ಅನಾವಶ್ಯಕವಾದ ನೋವನ್ನು ತಪ್ಪಿಸುವುದಕ್ಕೂ ತಕ್ಕ ಕ್ರಮಗಳನ್ನು ಕೈಕೊಳ್ಳಬೇಕೆಂದು ಪ್ರಾಣಿಹಿಂಸೆಯನ್ನು ತಡೆಯುವ ೧೯೬೦ರ ಕಾನೂನು ವಿಧಿಸಿದೆ. ಅದು ಎತ್ತಿಗೆ ಬೇರೆ, ಹ್ಯಾಮ್‌ಸ್ಟರಿಗೆ ಬೇರೆ ಎಂದು ಹೇಳಿಲ್ಲ. ಸಾಕುಪ್ರಾಣಿಗಳನ್ನು ಮಾರುವ ಅಂಗಡಿಗಳು ನೋಂದಣಿ ಪಡೆಯಬೇಕೆಂದು ೨೦೧೮ರ ನಿಯಮಗಳು ಗೊತ್ತುಮಾಡಿವೆ. ಕೊಳ್ಳುವವರು ಆ ನೋಂದಣಿಪತ್ರವನ್ನು ಕೇಳುವ ಅಭ್ಯಾಸ ಮಾಡಿಕೊಂಡರೆ ಕಾಯಿಲೆಯ ಪ್ರಾಣಿಗಳು ಮನೆಗೆ ಬರುವುದೇ ಕಡಮೆಯಾದೀತು. ವೈದ್ಯರ ಶುಲ್ಕವನ್ನೂ ಪ್ರಾಣಿಯ ಬೆಲೆಯ ಒಂದು ಭಾಗವೆಂದು ಮೊದಲೇ ಎಣಿಸಲಾರದವರು ಕೊಳ್ಳದೆ ಇರುವುದೇ ಧರ್ಮವೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಎಂಟನೆಯ ದಿನ ಸಂಜೆ ಆ ಹುಡುಗಿ ತನ್ನ ಪ್ರಾಣಿಯನ್ನೂ ನೋಟ್‌ಪುಸ್ತಕವನ್ನೂ ತೆಗೆದುಕೊಂಡು ಹೊರಟಳು. ಜೊತೆಯಲ್ಲಿ ತಂದೆಯೂ ಹೋದರು. ಹ್ಯಾಮ್‌ಸ್ಟರು ಲೋಟದಿಂದ ಇಳಿದು ಮೇಜಿನ ಮೇಲೆ ಅತ್ತಿತ್ತ ಮೂಸಿತಂತೆ. ವೈದ್ಯರು ಮೊದಲು ಪುಸ್ತಕವನ್ನು ಓದಿದರು; ಆಮೇಲೆ ಚರ್ಮವನ್ನು ಮೆಲ್ಲನೆ ಹೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಹುಡುಗಿಯನ್ನೂ ನೋಡಹೇಳಿದರು. ಅಲ್ಲಿ ನುಸಿಗಳಿದ್ದುವು. ಅರಿವಳಿಕೆ ಬೇಕಾಗಲಿಲ್ಲ, ಎಲ್ಲವೂ ಹತ್ತು ನಿಮಿಷಗಳಲ್ಲಿ ಮುಗಿಯಿತು. ತೂಕವನ್ನು ನೋಡಿ ಅಳೆದುಕೊಟ್ಟ ಔಷಧದಿಂದ ಕೆಲವು ವಾರಗಳಲ್ಲಿ ಬೆನ್ನಿನ ಮೇಲೆ ಹೊಸ ಕೂದಲು ಮೂಡಿತು. ನೋಟ್‌ಪುಸ್ತಕ ಇನ್ನೂ ನಡೆಯುತ್ತಿದೆ. ಈಗ ತೂಕವನ್ನು ಬರೆಯುವವರು ತಂದೆ.